ಕಂಠಪಾಠದ ಸರ್ಟಿಫಿಕೇಟು

೮ ಫೆಬ್ರವರಿ ೨೦೦೯, ಭಾನುವಾರ

ಬ್ರಹ್ಮಾವರಕ್ಕೆ ಹೆಣ್ಣು ನೋಡಲು ಹೋಗಿ ಬಂದೆವು. ಅಪ್ಪಯ್ಯ ಬರಲಿಲ್ಲ. ಮಧ್ಯಾಹ್ನದ ಪೂಜೆಗೆ ನಮ್ಮಲ್ಲಿ ಒಬ್ಬರಾದರೂ ದೇವಸ್ಥಾನದಲ್ಲಿರಬೇಕು. ಅಮ್ಮ ಮತ್ತು ನಾನು ಹೋದೆವು. ಹುಡುಗಿಯ ಹೆಸರು ಶ್ರಾವ್ಯ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ತಂದೆ ಮಯ್ಯರು ಬ್ಯಾಂಕಿನಿಂದ ನಿವೃತ್ತರಾದವರು.

ಅವಲಕ್ಕಿ, ಕಾಫಿ ಆದ ಮೇಲೆ ಮಯ್ಯರು "ಮಾಣಿ ಎಂತ ಮಾಡ್ತ?" ಎಂದರು. ಸಾಲಿಗ್ರಾಮದ ಹತ್ತಿರ ಗಣಪತಿ ದೇವಸ್ಥಾನ, ತಲೆಮಾರುಗಳಿಂದ ಪೂಜೆ ನಮ್ಮ ಮನೆಯದ್ದು, ಮಾಣಿಗೆ ಬಿ.ಕಾಂ. ಕೂಡ ಆಗಿದೆ ಎಂದು ಅಮ್ಮ ಹೇಳಿದಳು. ಅದಾದ ಮೇಲೆ ಬರುವ ಮೌನದ ಪರಿಚಯ ನನಗೆ ಚೆನ್ನಾಗಿದೆ. ಬೇರೆ ಮನೆಗಳಲ್ಲಿ ಆ ಮೌನದ ನಂತರ "ಜಾತಕ ನೋಡಿ ಹೇಳ್ತೇವೆ" ಎನ್ನುತ್ತಾರೆ. ಮಯ್ಯರು ನೇರ ಮನುಷ್ಯ.

"ಕಾಣಿ ಅಮ್ಮ, ಬೇಜಾರ್ ಮಾಡ್ಕಣ್ಬೇಡಿ. ಮಾಣಿ ಒಳ್ಳೆಯವ. ಆರೆ ಪೂಜೆ ಭಟ್ರಿಗೆ ಕೊಟ್ರೆ ನನ್ ಮಗಳ್ ಜೀವ್ನ ನೈವೇದ್ಯದ ಅಕ್ಕಿ ತೊಳೂದ್ರಗೇ ಮುಗಿತ್ತ್. ಕಂಪ್ಯೂಟರ್ ಲೈನಿಗೆ ಬರ್ಲಿ. ದೀಪಾವಳಿ ತನ್ಕ ನಾವ್ ಬೇರೆ ಕಡೆ ಕಾಂಬುದಿಲ್ಲ."

ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಶ್ರಾವ್ಯ ನೀರು ಕೊಟ್ಟಳು. "ನಿಮ್ಗ್ ಕಂಪ್ಯೂಟರ್ ಕಲೂಕೆ ಮನ್ಸಿತ್ತಾ?" ಎಂದು ಕೇಳಿದಳು.

"ಅಮ್ಮನತ್ರ ಕೇಣ್ಕ್" ಎಂದುಬಿಟ್ಟೆ.

ಅವಳು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಬಸ್ಸಿನಲ್ಲಿ ಸಾಲಿಗ್ರಾಮ ಬರುವವರೆಗೂ ಅದೊಂದೇ ಮಾತು ತಲೆಯೊಳಗೆ ಸುತ್ತುತ್ತಿತ್ತು. ಮೂವತ್ತೊಂದು ವರ್ಷದ ಗಂಡಸು ಕೊಡುವ ಉತ್ತರವೇ ಅದು?

೧೬ ಫೆಬ್ರವರಿ

ವಾರವಿಡೀ ಎಲ್ಲರನ್ನೂ ಕೇಳಿದೆ. ಮೊಕ್ತೇಸರರ ಅಳಿಯ ಜಾವಾ ಕಲಿತು ಪುಣೆಯಲ್ಲಿದ್ದಾನಂತೆ, ಹಾಗಾಗಿ ಅವರು ಜಾವಾ ಎಂದರು. ಕೋಟದ ಡಾಕ್ಟರು ಟೆಸ್ಟಿಂಗ್ ಸುಲಭ ಎಂದರು. ಅಂಚೆಯಣ್ಣ ಹಾರ್ಡ್‌ವೇರ್ ಹಿಡಿದರೆ ಹೊಟ್ಟೆಗೆ ತೊಂದರೆಯಿಲ್ಲ ಎಂದ. ಅಮ್ಮ ಜಾತಕ ತೋರಿಸಿಕೊಂಡು ಬಂದಳು. ಬುಧ ಒಳ್ಳೆಯ ಸ್ಥಾನದಲ್ಲಿದ್ದಾನೆ, ಯಾವುದಾದರೂ ಆದೀತು ಎಂದರಂತೆ. ಯಾವುದಾದರೂ ಆದೀತು ಎಂದರೆ ನಾನು ಯಾವುದನ್ನು ಹಿಡಿಯಲಿ?

ಇವತ್ತು ಕುಂದಾಪುರದ ಒಂದು ಕಂಪ್ಯೂಟರ್ ಸೆಂಟರಿಗೆ ಹೋದೆ. ಗೋಡೆಯ ಮೇಲೆ ದೊಡ್ಡ ಚಾರ್ಟು, ಬಾಣದ ಗುರುತುಗಳು. ಒಂದೊಂದು ಬಾಣದ ತುದಿಯಲ್ಲಿ ಒಂದೊಂದು ಪರೀಕ್ಷೆ, ಒಂದೊಂದು ಸರ್ಟಿಫಿಕೇಟು. ಕೌಂಟರಿನ ಹುಡುಗಿ "ನಿಮಗೆ ಯಾವುದ್ರಲ್ಲಿ ಆಸಕ್ತಿ ಸರ್?" ಎಂದಳು.

"ಯಾವ್ದ್ರಗೆ ಬೇಗ ಕೆಲ್ಸ ಸಿಕ್ಕತ್ತ್?"

ಅವಳು ದನಿ ಇಳಿಸಿದಳು. "ಈಗ ಯಾವುದ್ರಲ್ಲೂ ಬೇಗ ಇಲ್ಲ ಸರ್. ಕೆಲಸ ಹೋದವರೇ ಊರಿಗೆ ವಾಪಸ್ ಬರ್ತಿದ್ದಾರೆ."

ಕೊನೆಗೆ ಗಡಿಯಾರವೇ ತೀರ್ಮಾನ ಮಾಡಿತು. ಜಾವಾ ಕ್ಲಾಸು ಬೆಳಿಗ್ಗೆ ಏಳಕ್ಕೆ, ಅಭಿಷೇಕದ ಹೊತ್ತು. ಟೆಸ್ಟಿಂಗ್ ಸಂಜೆ, ದೀಪಾರಾಧನೆಯ ಹೊತ್ತು. ನೆಟ್‌ವರ್ಕಿಂಗ್ ಹನ್ನೊಂದಕ್ಕೆ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ವಿದ್ಯೆಯಂತೆ. ಕೊನೆಯಲ್ಲಿ ಮಂಗಳೂರಿಗೆ ಹೋಗಿ ಸಿಸಿಎನ್ಎ ಪರೀಕ್ಷೆ ಬರೆಯಬೇಕು. ಸೇರಿಕೊಂಡೆ.

ಮನೆಗೆ ಬಂದು ಅಪ್ಪಯ್ಯನಿಗೆ ಹೇಳಿದೆ. "ಮಧ್ಯಾಹ್ನದ ಪೂಜೆ?" ಎಂದರು.

"ನೀವ್ ಮಾಡ್ಕಾತ್ತ್."

"ಗಂಟ್ ನೋವಿತ್ತ್. ಮೆಟ್ಲ್ ಹತ್ತೂಕೆ ಹೊತ್ತಾತ್ತ್." ಮೊಣಕಾಲು ನೀವಿಕೊಂಡು, "ಅಡ್ಡಿಲ್ಲೆ" ಎಂದರು.

೪ ಮಾರ್ಚ್

ತರಗತಿಯಲ್ಲಿ ನಾನೇ ಹಿರಿಯ. ಜುಟ್ಟು ಇರುವವನೂ ನಾನೊಬ್ಬನೇ. ಪಕ್ಕದಲ್ಲಿ ಕೂರುವವ ಅನೂಪ್, ಉಪ್ಪುಂದದ ಮೊಗವೀರರ ಹುಡುಗ. ಮನೆಯವರದ್ದು ಬೋಟು ಇದೆ. ಡಿಗ್ರಿ ಮುಗಿಸಿ ಒಂದು ವರ್ಷ ಮೀನಿನ ವ್ಯಾಪಾರ ನೋಡಿಕೊಂಡು ಬೇಸತ್ತು ಬಂದಿದ್ದಾನೆ. ಯಂತ್ರ ಕಂಡರೆ ಕೈ ತಾನೇ ಮುಂದೆ ಹೋಗುವ ಜಾತಿ.

ಇವತ್ತು ಮೇಷ್ಟ್ರು ನೆಟ್‌ವರ್ಕಿನ ಏಳು ಪದರಗಳನ್ನೂ ಒಂದೊಂದರ ಕೆಲಸವನ್ನೂ ಹೇಳಿದರು. ಯಾರಿಗಾದರೂ ನೆನಪಿದೆಯೇ ಎಂದಾಗ ಎದ್ದು ನಿಂತು ಪೂರ್ತಿ ಒಪ್ಪಿಸಿದೆ. ಕೆಳಗಿನಿಂದ ಮೇಲಕ್ಕೂ ಹೇಳಿದೆ. ಎಲ್ಲರೂ ತಿರುಗಿ ನೋಡಿದರು.

"ಭಟ್ರೇ, ಹ್ಯಾಂಗ್ ಮಾರಾಯ್ರೆ?" ಅಂದ ಅನೂಪ್.

ಏಳನೇ ವರ್ಷದಿಂದ ಇದನ್ನೇ ಅಲ್ಲವೇ ಮಾಡಿದ್ದು? ಅಪ್ಪಯ್ಯ ಹೇಳುವುದು, ನಾನು ಹೇಳುವುದು. ಮೊದಲ ಸಲ ಆ ವಿದ್ಯೆಗೆ ಬೇರೆ ಕಡೆ ಬೆಲೆ ಬಂತು ಅನ್ನಿಸಿತು.

೩೦ ಮಾರ್ಚ್

ಸಬ್‌ನೆಟ್ ಎಂಬುದು ತಲೆಗೆ ಹೋಗುತ್ತಿಲ್ಲ. ಒಂದು ದೊಡ್ಡ ವಿಳಾಸವನ್ನು ತುಂಡು ಮಾಡುವುದಂತೆ. ಯಾಕೆ ತುಂಡು ಮಾಡಬೇಕು, ಎಲ್ಲಿ ಕಡಿಯಬೇಕು, ಒಂದೂ ತಿಳಿಯದು. ಸೂತ್ರ ಬಾಯಿಗೆ ಬರುತ್ತದೆ. ಲೆಕ್ಕ ಬರುವುದಿಲ್ಲ.

೧೯ ಏಪ್ರಿಲ್

ಅನೂಪ್ ಒಂದು ಕಟ್ಟು ಪ್ರಿಂಟ್ ತಂದ. ಇದಕ್ಕೆ ಡಂಪ್ಸ್ ಎನ್ನುತ್ತಾರೆ. ಪರೀಕ್ಷೆ ಬರೆದವರು ನೆನಪಿಟ್ಟು ಹೊರಗೆ ಹಾಕಿದ ಪ್ರಶ್ನೆಗಳು, ಉತ್ತರ ಸಮೇತ.

"ಇದ್ರಗಿದ್ದದ್ದೇ ಬಪ್ದ್ ಅಂಬ್ರ್ ಭಟ್ರೇ. ಎಲ್ರೂ ಹೀಂಗೇ ಪಾಸಾಪ್ದ್."

"ಇದ್ ಕಳ್ಳತನ ಅಲ್ದಾ?"

"ಕಳ್ಳತನ ಅಂದ್ರೆ ಊರಿಗ್ ಊರೇ ಕಳ್ರ್."

ಮೇಷ್ಟ್ರಲ್ಲಿ ಕೇಳೋಣ ಎಂದುಕೊಂಡೆ. ನೋಡಿದರೆ ಅವರ ಮೇಜಿನ ಮೇಲೂ ಅಂಥದ್ದೇ ಕಟ್ಟು.

ಮನೆಗೆ ಬಂದಾಗ ಅಮ್ಮ ಹೇಳಿದಳು, ಮಯ್ಯರು ಫೋನ್ ಮಾಡಿದ್ದರಂತೆ, ಪರೀಕ್ಷೆ ಯಾವಾಗ ಎಂದು. ಕಟ್ಟು ಬಿಚ್ಚಿದೆ.

೨ ಮೇ

ದೇವಸ್ಥಾನದ ಜಗಲಿಯಲ್ಲಿ ಕೂತು ಓದುತ್ತೇನೆ. ಓದುವುದಲ್ಲ, ಹೇಳುವುದು. ಪ್ರಶ್ನೆಯನ್ನು ಕೆಳಸ್ವರದಲ್ಲಿ, ಉತ್ತರವನ್ನು ಮೇಲಿನಲ್ಲಿ. ಹಾಗೆ ಹೇಳಿಕೊಂಡರೆ ಮರೆಯುವುದೇ ಇಲ್ಲ.

ಅಪ್ಪಯ್ಯ ಒಳಗಿನಿಂದ ಬಂದು ತುಂಬ ಹೊತ್ತು ಕೇಳಿದರು. "ಇಂಗ್ಲೀಷಾ ಅದ್?"

"ಹೌದ್."

"ಸ್ವರ ಸಮ ಇತ್ತ್. ಅರ್ಥ ಆತ್ತಾ?"

ಪರೀಕ್ಷೆಗೆ ಇನ್ನು ಒಂದೇ ವಾರ ಎಂದೆ. ಅದು ಅವರು ಕೇಳಿದ್ದಕ್ಕೆ ಉತ್ತರವಲ್ಲ.

೯ ಮೇ, ಶನಿವಾರ

ಪಾಸ್. ಸಾವಿರಕ್ಕೆ ಸ್ವಲ್ಪವೇ ಕಡಿಮೆ ಅಂಕ. ಮಂಗಳೂರಿನ ಆ ತಣ್ಣನೆಯ ಕೋಣೆಯಲ್ಲಿ ಒಂದೊಂದು ಪ್ರಶ್ನೆ ತೆರೆದಾಗಲೂ ಅದರ ಮುಂದಿನ ಸಾಲು ನಾಲಿಗೆಗೆ ಬರುತ್ತಿತ್ತು. ಅರ್ಧ ಹೊತ್ತಿಗೇ ಮುಗಿಯಿತು.

ಅನೂಪ್ ಫೇಲು. ಡಂಪ್ಸ್ ತಂದವನೇ ಅವನು. ಅವನಿಗೆ ಬಾಯಿಗೆ ಬರಲಿಲ್ಲ, ಗಾಬರಿಯಲ್ಲಿ ಗೊತ್ತಿದ್ದದ್ದನ್ನೂ ತಪ್ಪಿದನಂತೆ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. ಉಡುಪಿ ದಾಟಿದ ಮೇಲೆ, "ನೀವ್ ಗೆದ್ರಿ ಅಲ್ದಾ, ಬಿಡಿ" ಅಂದ.

೧೨ ಮೇ

ಮಯ್ಯರ ಫೋನು. ಸ್ವತಃ ಅಭಿನಂದಿಸಿದರು. ಅವರ ಅಣ್ಣನ ಮಗನಿಗೆ ಬೆಂಗಳೂರಿನಲ್ಲಿ ಪರಿಚಯದ ಕಂಪನಿ ಇದೆಯಂತೆ. ಅಮ್ಮ ಕೊಬ್ಬರಿ ಮಿಠಾಯಿ ಮಾಡಿ ಕೇರಿಗೆಲ್ಲ ಹಂಚಿದಳು. ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಬೇಕು ಎನ್ನುತ್ತಾಳೆ. ಬೇಡ ಎಂದೆ. ಹಾಕಿಸಿದಳು.

೧೫ ಜೂನ್

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಕುಂದಾಪುರದಲ್ಲಿ ವನಜ ಎಂಬವರ ಸಣ್ಣ ಕಂಪನಿ ಇದೆ. ಉಪ್ಪುಂದದವರು, ಮುಂಬೈಯಲ್ಲಿ ಓದಿ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿ ಊರಿಗೆ ಬಂದಿದ್ದಾರೆ. ಸಹಕಾರಿ ಸೊಸೈಟಿಯೊಂದರ ಬ್ರಾಂಚುಗಳನ್ನೆಲ್ಲ ಕುಂದಾಪುರದ ಹೆಡ್ಡಾಫೀಸಿಗೆ ಜೋಡಿಸುವ ಕೆಲಸ ಅವರದ್ದು. ಬೆಂಗಳೂರಿನದ್ದು ಆಗುವವರೆಗೆ ಇದಿರಲಿ ಎಂದು ಅರ್ಜಿ ಹಾಕಿದ್ದೆ. ಇವತ್ತು ಕರೆದರು.

ಸರ್ಟಿಫಿಕೇಟು ನೋಡಿ ಹುಬ್ಬೇರಿಸಿದರು. "ಅರೆ ವಾ, ಭಟ್ರೇ! ಇಷ್ಟ್ ಮಾರ್ಕ್ ನಂಗೂ ಬರ್ಲಿಲ್ಲ." ಹಾಳೆಯ ಮೇಲೆ ಎರಡು ಚೌಕ ಬರೆದು, "ಇದ್ ಬೈಂದೂರ್ ಬ್ರಾಂಚ್. ಅಲ್ಲಿ ಐವತ್ತ್ ಮಷಿನ್ ಅಂದ್ಕಣಿ. ವಿಳಾಸಕ್ಕೆ ಎಷ್ಟ್ ದೊಡ್ಡ ಜಾಗ ಕೊಡ್ತ್ರಿ?" ಎಂದರು.

ಕೇಳಿ ಮುಗಿಯುವ ಮೊದಲೇ ಉತ್ತರ ಬಂತು. ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು. "ನಾನ್ ಕೇಂಡದ್ ಐವತ್ತ್. ನೀವ್ ಹೇಳದ್ ಮೂವತ್ತರ ಉತ್ತರ."

ಡಂಪ್ಸಿನಲ್ಲಿದ್ದದ್ದು ಮೂವತ್ತು. ಇನ್ನೊಮ್ಮೆ ಬಾಯಿ ತೆರೆದೆ, ಮತ್ತೆ ಅದೇ ಉತ್ತರ ಬಂತು. ಮಂತ್ರದ ಮಧ್ಯದ ಒಂದು ಶಬ್ದ ಬದಲಿಸಿದರೆ ಮುಂದೆ ಹೋಗಲಾರೆನಲ್ಲ, ಹಾಗೆ ನಿಂತೆ. ಅವರು ಒಂದು ತಂತಿ, ಒಂದು ಕತ್ತರಿ ಕೊಟ್ಟು ತುದಿಗೆ ಪ್ಲಗ್ ಕೂರಿಸಲು ಹೇಳಿದರು. ಎಂಟು ಬಣ್ಣದ ಎಳೆಗಳ ಕ್ರಮ ಸರಾಗ ಹೇಳಬಲ್ಲೆ. ಕೈಯಲ್ಲಿ ಹಿಡಿದರೆ ಅವು ಪ್ಲಗ್ಗಿನೊಳಗೆ ಹೋಗಲೇ ಇಲ್ಲ. ಬೆವರಿಗೆ ಎಳೆಗಳು ಜಾರುತ್ತಿದ್ದವು. ಪಕ್ಕದ ಮೇಜಿನವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು.

"ಡಂಪ್ಸಾ?" ಎಂದರು ವನಜ, ಮೆತ್ತಗೆ.

"ಹೌದ್ ಮೇಡಂ."

"ಭಟ್ರೇ, ನಿಮ್ ನೆನಪು ದೊಡ್ಡದ್. ಆರೆ ನನ್ ಬ್ರಾಂಚ್ ಬಂದ್ ಆಪ್ತಿಗೆ ಪ್ರಶ್ನೆಪತ್ರಿಕೆ ಕಂಡ್ಕಂಡ್ ಬಂದ್ ಆತಿಲ್ಲೆ."

ಸರ್ಟಿಫಿಕೇಟನ್ನು ತಿರುಗಿ ಕೊಟ್ಟರು. ಎರಡೂ ಕೈಯಲ್ಲಿ ಕೊಟ್ಟರು. ಅದು ಇನ್ನೂ ಕಷ್ಟವಾಯಿತು.

೧೬ ಜೂನ್

ಪೂಜೆ ಮಾಡಿದೆ. ಊಟ ಸೇರಲಿಲ್ಲ.

೨೧ ಜೂನ್

ಶ್ರಾವ್ಯ ಫೋನ್ ಮಾಡಿದ್ದಳು, ಮೊದಲ ಸಲ. ಅವಳ ದೊಡ್ಡಪ್ಪನ ಮಗ ಬೆಂಗಳೂರಿನ ಕಂಪನಿಗೆ ನನ್ನ ಅಂಕ ತೋರಿಸಿದ್ದಾನಂತೆ, ಅವರಿಗೆ ಖುಷಿಯಾಗಿದೆಯಂತೆ. "ನಿಮ್ಗ್ ಖುಷಿ ಇಲ್ಯಾ?" ಎಂದಳು. ನನ್ನ ದನಿಯಲ್ಲೇ ಗೊತ್ತಾಗಿರಬೇಕು.

ಬಾಯಿಪಾಠ ಮಾಡಿ ಪಾಸಾದದ್ದು, ವಿಷಯ ಗೊತ್ತಿಲ್ಲ ಎಂದು ಹೇಳಿಬಿಟ್ಟೆ. ಕುಂದಾಪುರದಲ್ಲಿ ಆದದ್ದನ್ನೂ ಹೇಳಿದೆ.

ಆಚೆ ಕಡೆ ಕಾಗದ ಮಡಚುವ ಸದ್ದು ಕೇಳಿತು.

"ನನ್ ಕ್ಲಾಸಿನಗೆ ಅರ್ಧ ಮಕ್ಳ್ ಹೀಂಗೇ" ಎಂದಳು ಆಮೇಲೆ. "ಲೆಕ್ಕದಗೆ ಮಾವಿನಹಣ್ಣ್ ಇದ್ದಲ್ಲಿ ಬಾಳೆಹಣ್ಣ್ ಹಾಕ್ರೆ ಪೆನ್ ಕೆಳಗಿಡ್ತೊ. ಅವ್ರಿಗೆ ನಾನ್ ಬೈತಿಲ್ಲೆ. ಮೊದ್ಲಿಂದ ಹೇಳ್ತೆ."

"ನಿಮ್ ಅಪ್ಪಯ್ಯನಿಗೆ?"

"ಅದ್ ನೀವೇ ಹೇಳ್ಕ್. ನಾನ್ ಹೇಳೂದಿಲ್ಲ."

೫ ಜುಲೈ

ಮಯ್ಯರಿಗೆ ಇನ್ನೂ ಹೇಳಿಲ್ಲ.

ಉಪ್ಪುಂದಕ್ಕೆ ಹೋಗಿ ಅನೂಪ್ ಎದುರು ನಿಂತೆ. "ನಂಗ್ ಎಂತದೂ ಗೊತ್ತಿಲ್ಲೆ ಅನೂಪ. ಕಲ್ಸಿಕೊಡ್ತ್ಯಾ?" ಅಂದೆ. ಗೇಲಿ ಮಾಡುತ್ತಾನೆ ಎಂದುಕೊಂಡಿದ್ದೆ. ಅವನ ಅಮ್ಮ ಕಮಲಕ್ಕ ಒಳಗಿನಿಂದ, "ಭಟ್ರ್ ನಮ್ಮನಿಗೆ ಬಂದಿರಾ! ಕೂಕಣಿ. ಮೀನಿನ ವಾಸ್ನಿ ಬತ್ತ್, ಹೊರ್ಗೆ ಚಾಪಿ ಹಾಕ್ತೆ" ಎಂದರು. ಒಳಗೇ ಕೂರುತ್ತೇನೆ ಎಂದೆ, ಯಂತ್ರ ಇದ್ದದ್ದು ಒಳಗೆ. ಈಗ ಟ್ರಾಲಿಂಗ್ ನಿಷೇಧದ ಕಾಲ, ಬೋಟು ದಡದಲ್ಲಿದೆ, ಅನೂಪನಿಗೆ ಪುರುಸೊತ್ತಿದೆ. ಬಲೆ ಇಡುವ ಕೋಣೆಯಲ್ಲಿ ಮುಂಬೈಯಿಂದ ತರಿಸಿದ ಎರಡು ಹಳೆ ರೌಟರು ಇಟ್ಟಿದ್ದಾನೆ. ದೂರದ ಬ್ರಾಂಚುಗಳ ನಡುವೆ ದಾರಿ ತೋರಿಸುವ ಪೆಟ್ಟಿಗೆ ಅದೇ. ಅವನ ಕೈ, ನನ್ನ ನೆನಪು. ಅವನು ಮರೆತ ಆಜ್ಞೆಯನ್ನು ನಾನು ಹೇಳುತ್ತೇನೆ, ಯಾಕೆ ಹಾಗೆ ಎಂದು ಅವನು ತೋರಿಸುತ್ತಾನೆ.

ಇವತ್ತು ಒಂದು ಪ್ಲಗ್ ಕೂರಿಸಿದೆ. ಹಸಿರು ದೀಪ ಹೊತ್ತಿತು.

೨೯ ಜುಲೈ

ಕೋಟದಲ್ಲಿ ಒಂದು ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಸಂಕಲ್ಪ ಹೇಳಿಸುತ್ತಿದ್ದೆ. ಜಂಬೂದ್ವೀಪದಿಂದ ಶುರುವಾಗಿ ಭರತಖಂಡ, ಗೋದಾವರಿಯ ದಕ್ಷಿಣ ತೀರ, ಪರಶುರಾಮ ಕ್ಷೇತ್ರ, ಊರು, ಮನೆ, ಗೋತ್ರ, ಯಜಮಾನರ ಹೆಸರು. ಅಲ್ಲಿಗೆ ಬಂದವನು ನಿಂತೇಬಿಟ್ಟೆ. ಇದು ವಿಳಾಸ! ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ವಿಳಾಸ. ಇಲ್ಲಿಯವರೆಗಿನದ್ದು ಊರು, ಇಲ್ಲಿಂದ ಮುಂದಿನದ್ದು ಮನೆ ಎಂದು ಒಂದು ಕಡೆ ಗೆರೆ ಬೀಳುತ್ತದೆ. ಸಬ್‌ನೆಟ್ ಹೇಳುವುದೂ ಅದನ್ನೇ. ಗೆರೆ ಮುಂದೆ ಸರಿದರೆ ಊರು ಸಣ್ಣದಾಗುತ್ತದೆ, ಮನೆಗಳು ಕಡಿಮೆ. ಹಿಂದೆ ಸರಿದರೆ ಊರು ದೊಡ್ಡದು, ಮನೆಗಳು ಹೆಚ್ಚು.

"ಭಟ್ರೇ, ಮುಂದೆ?" ಎಂದರು ಯಜಮಾನರು. ಅವರ ಕೈಯಲ್ಲಿ ಅಕ್ಷತೆ ಹಾಗೇ ಇತ್ತು.

ದಕ್ಷಿಣೆ ಬಿಟ್ಟೇ ಹೊರಟಿದ್ದೆನಂತೆ, ಗೇಟಿನವರೆಗೆ ಬಂದು ಕೊಟ್ಟರು. ರಸ್ತೆಯಲ್ಲಿ ನಿಂತು ಅನೂಪನಿಗೆ ಫೋನ್ ಮಾಡಿದೆ. "ಐವತ್ತ್ ಮಷಿನಿಗೆ ಎಷ್ಟ್ ಜಾಗ ಅಂತ ಕೇಣ್" ಎಂದೆ. ಕೇಳಿದ. ಹೇಳಿದೆ. "ನೂರಕ್ಕೆ?" ಹೇಳಿದೆ. "ಹನ್ನೊಂದಕ್ಕೆ?" ಹೇಳಿದೆ. ಲೆಕ್ಕ ಮಾಡಿ ಹೇಳಿದೆ.

೨೧ ಆಗಸ್ಟ್, ಶುಕ್ರವಾರ

ನಾಡಿದ್ದು ಚೌತಿ. ಗಣಪತಿ ದೇವಸ್ಥಾನದವರಿಗೆ ವರ್ಷದಲ್ಲೇ ಕೈಬಿಡುವಿಲ್ಲದ ದಿನಗಳು. ಬೆಳಿಗ್ಗೆ ಗರಿಕೆ ಆಯುತ್ತಿದ್ದಾಗ ವನಜ ಮೇಡಂ ಫೋನು. "ಭಟ್ರೇ, ನಮ್ಮೂರ್ ಅನೂಪ್ ಹೇಳ್ದ, ನೀವ್ ಮೊದ್ಲಿಂದ ಕಲೂಕೆ ಕೂತೀರಿ ಅಂತ. ಕೊಕ್ಕರ್ಣೆ ಬ್ರಾಂಚ್ ಬಂದ್ ಆಯ್ತ್. ನನ್ ಹುಡುಗ ಮೊನ್ನೆ ಕೆಲ್ಸ ಬಿಟ್ಟ್ ಹೋದ. ನಾನ್ ಹೆಡ್ಡಾಫೀಸ್ ಬಿಟ್ಟ್ ಹೊರ್ಡೂಕೆ ಆತಿಲ್ಲೆ. ಹೋತ್ರ್ಯಾ?"

ಅಪ್ಪಯ್ಯ ಅಲ್ಲೇ ಇದ್ದರು. ಅವರ ಕಡೆ ನೋಡಿದೆ. "ಹೋಯ್ಕಾರೆ ಹೋಗ್. ನನ್ನ್ ಮುಖ ಕಾಣ್ಬೇಡ" ಎಂದರು. ಸಿಟ್ಟೋ ಒಪ್ಪಿಗೆಯೋ ತಿಳಿಯಲಿಲ್ಲ. ಹೊರಟೆ.

ಅನೂಪನ ಬೈಕಿನಲ್ಲಿ ಬ್ರಹ್ಮಾವರದಿಂದ ಒಳಗೆ ಹೋದೆವು. ಬ್ರಾಂಚಿನ ತುಂಬ ಜನ, ಎಲ್ಲರಿಗೂ ಹಬ್ಬದ ಖರ್ಚಿಗೆ ಹಣ ತೆಗೆಯಬೇಕು. ಮ್ಯಾನೇಜರರ ಮುಖ ಬೆವೆತಿತ್ತು. ಬೆಂಚಿನಲ್ಲಿದ್ದ ಅಮ್ಮಣ್ಣಿ ಎಂಬ ಮುದುಕಿ ನನ್ನ ಜುಟ್ಟು ನೋಡಿ, "ಹ್ವಾಯ್ ಭಟ್ರೇ, ಈ ಯಂತ್ರಕ್ಕೆ ಪೂಜೆ ಮಾಡೂಕೆ ಬಂದ್ರ್ಯಾ?" ಎಂದಳು. ಜನ ನಕ್ಕರು.

ರೌಟರಿನ ಎದುರು ಕೂತಾಗ ಡಂಪ್ಸಿನ ಸಾಲುಗಳೆಲ್ಲ ಒಟ್ಟಿಗೆ ನುಗ್ಗಿ ಬಂದವು. ಬಾಯಿ ಮುಚ್ಚಿಕೊಂಡು ಅವು ಹೋಗುವವರೆಗೆ ಕಾದೆ. ಆಮೇಲೆ ಒಂದೊಂದೇ ನೋಡಿದೆ. ದೀಪ ಉರಿಯುತ್ತಿದೆ. ಫೋನ್ ಲೈನು ಸರಿಯಿದೆ. ರೌಟರಿನಿಂದ ಕುಂದಾಪುರ ಸಿಗುತ್ತಿದೆ. ಕೌಂಟರಿನ ಕಂಪ್ಯೂಟರಿನಿಂದ ಸಿಗುತ್ತಿಲ್ಲ. ತಂತಿ ಬದಲಿಸಿದೆವು, ಇಲ್ಲ. ಮ್ಯಾನೇಜರರು ಹಿಂದೆ ಬಂದು ನಿಂತು, "ಆಯ್ತಾ? ಆತ್ತಾ?" ಎನ್ನುತ್ತಿದ್ದರು.

"ಹೋಪ್ದ್ ಹೋತಿತ್ತ್" ಎಂದೆ ಅನೂಪನಿಗೆ. "ಉತ್ರ ತಿರ್ಗಿ ಬತ್ತಿಲ್ಲೆ. ಉತ್ರ ಬೇರೆ ಎಲ್ಲಿಗೋ ಹೋತಿತ್ತ್."

"ಬೇರೆ ಎಲ್ಲಿಗೆ?"

ಇದೇ ವಿಳಾಸದ ಇನ್ನೊಂದು ಮನೆ ಇದ್ದರೆ ಅಲ್ಲಿಗೆ. ವನಜ ಅವರಿಗೆ ಫೋನ್ ಮಾಡಿ, ಹೊಸ ಬ್ರಾಂಚ್ ಏನಾದರೂ ತೆರೆದಿದ್ದೀರಾ ಎಂದು ಕೇಳಿದೆ.

"ಬಿಜೂರ್. ನಿನ್ನೆ ಸಂಜೆ ಲೈನ್ ಕೊಟ್ಟದ್."

"ಅದ್ಕೆ ಕೊಟ್ಟ ವಿಳಾಸ ಓದಿ ಕಾಂಬ."

ಅವರು ಓದಿದರು. ಕೊಕ್ಕರ್ಣೆಯದ್ದೇ, ಒಂದಂಕಿ ಬದಲಿಲ್ಲ. "ಅರೇ ದೇವಾ" ಎಂದರು. ಕೆಲಸ ಬಿಟ್ಟು ಹೋದವನು ಹೋಗುವ ಮೊದಲು ಬಿಜೂರಿನ ರೌಟರಿಗೆ ಅವಸರದಲ್ಲಿ ಹಳೆಯದನ್ನೇ ನಕಲು ಮಾಡಿ ಹಾಕಿದ್ದ. ಅವರು ಕುಂದಾಪುರದಿಂದಲೇ ಬಿಜೂರಿನದ್ದನ್ನು ಬದಲಿಸಿದರು. ನಾವು ಉಸಿರು ಹಿಡಿದು ಪರದೆ ನೋಡುತ್ತಿದ್ದೆವು. ಒಂದು ಉತ್ತರ ಬಂತು, ಇನ್ನೊಂದು ಬಂತು. ಮ್ಯಾನೇಜರರು ಕೌಂಟರಿಗೆ ಓಡಿ ಟೋಕನ್ ಕೂಗಲು ಶುರು ಮಾಡಿದರು. ಅಮ್ಮಣ್ಣಿ ಮೊದಲು ಎದ್ದಳು.

ಮನೆ ಸೇರುವಾಗ ಸಂಜೆಯ ಪೂಜೆ ಮುಗಿದಿತ್ತು. ಅಪ್ಪಯ್ಯ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದರು. ನಾನೇ ಅವರ ಕಾಲು ಎಳೆದುಕೊಂಡು ತಿಕ್ಕುತ್ತ ಆದದ್ದನ್ನೆಲ್ಲ ಹೇಳಿದೆ. ತುಂಬ ಮಾತಾಡಿದೆನೋ ಏನೋ. ಕೊನೆಗೆ ಅವರು ಕೇಳಿದರು, "ಅಲ್ಲ ಮಾಣಿ, ಎರಡ್ ಮನಿಗೆ ಒಂದೇ ಹೆಸ್ರ್ ಇಡೂದಾ?"

೨೬ ಆಗಸ್ಟ್

ವನಜಕ್ಕ ಕೆಲಸ ಕೊಟ್ಟರು. ಆರು ತಿಂಗಳು ನೋಡುತ್ತಾರೆ, ಸರಿಯಾದರೆ ಖಾಯಂ. "ಬೆಳಿಗ್ಗಿನ ಪೂಜೆ ಮುಗ್ಸಿ ಬತ್ತೆ" ಎಂದೆ. "ಹತ್ತಕ್ಕೆ ಬನ್ನಿ, ಚಲೇಗಾ" ಎಂದರು. ಅನೂಪನನ್ನೂ ಸಹಾಯಕ್ಕೆ ತೆಗೆದುಕೊಂಡರು.

೨೨ ಸೆಪ್ಟೆಂಬರ್

ನವರಾತ್ರಿ. ಬೆಂಗಳೂರಿನ ಕಂಪನಿಯಿಂದ ಕರೆ ಬಂತು. ದೀಪಾವಳಿ ಕಳೆದು ಸೇರಬೇಕು. ಸಂಬಳ ವನಜಕ್ಕನಲ್ಲಿಗಿಂತ ಎಷ್ಟೋ ಹೆಚ್ಚು. ಎಂಥ ಕೆಲಸ ಎಂದು ಕೇಳಿದೆ. ಗಿರಾಕಿ ಫೋನ್ ಮಾಡಿದಾಗ ಪರದೆಯ ಮೇಲೆ ಬರುವ ಉತ್ತರವನ್ನು ಓದಿ ಹೇಳುವುದು. ಓದಿ ಹೇಳುವುದು ಬಿಟ್ಟು ಬೇರೆ ಮಾತು ಸೇರಿಸಬಾರದಂತೆ. ಫೋನ್ ಇಟ್ಟ ಮೇಲೂ ಅದೇ ತಲೆಯಲ್ಲಿ ಕೂತಿತ್ತು.

ಮಯ್ಯರು ಛತ್ರ ವಿಚಾರಿಸುತ್ತಿದ್ದಾರೆ. ಅಮ್ಮ ಕುಣಿದಾಡುತ್ತಿದ್ದಾಳೆ.

ಅಪ್ಪಯ್ಯನಲ್ಲಿ ನಿನ್ನೆ ಒಂದು ಮಂತ್ರದ ಅರ್ಥ ಕೇಳಿದ್ದೆ. "ನನ್ ಅಪ್ಪಯ್ಯ ಹೇಳ್ಕೊಟ್ಟದ್ ಅಷ್ಟೇ, ನಂಗ್ ಗೊತ್ತಿಲ್ಲೆ" ಎಂದಿದ್ದರು. ಇವತ್ತು ಸಾಲಿಗ್ರಾಮದ ವಿದ್ವಾಂಸರೊಬ್ಬರಲ್ಲಿಗೆ ಹೋಗಿ ಕೇಳಿಕೊಂಡು ಬಂದಿದ್ದಾರೆ, ಆ ಕಾಲು ಹೊತ್ತುಕೊಂಡು. ಪೂಜೆಯ ನಡುವೆಯೇ ಹೇಳತೊಡಗಿದರು. ಭಕ್ತರು ಕಾಯುತ್ತಿದ್ದರು.

೧೮ ಅಕ್ಟೋಬರ್, ದೀಪಾವಳಿ

ಮಯ್ಯರು ಹೆಂಡತಿ ಸಮೇತ ಬಂದಿದ್ದರು. ಅವರು ಕೂರುತ್ತಲೇ ಹೇಳಿದೆ. ಪ್ರಶ್ನೆಗಳನ್ನು ಬಾಯಿಪಾಠ ಮಾಡಿ ಪಾಸಾದದ್ದು, ಆ ಅಂಕ ನೋಡಿ ಬೆಂಗಳೂರಿನವರು ಕರೆದದ್ದು, ನಾನು ಅಲ್ಲಿಗೆ ಹೋಗುವುದಿಲ್ಲ, ಕುಂದಾಪುರದಲ್ಲಿ ಕಲಿಯುತ್ತಿದ್ದೇನೆ.

ಅಮ್ಮ ತಂದಿದ್ದ ಕಾಫಿ ಲೋಟವನ್ನು ನೆಲದ ಮೇಲಿಟ್ಟಳು.

"ಇದ್ನ ಮೇ ತಿಂಗ್ಳಗೇ ಹೇಳೂಕೆ ಎಂತ ಆಯ್ತ್?" ಎಂದರು ಮಯ್ಯರು.

"ಹೆದ್ರಿಕೆ ಆಯ್ತ್."

ಅವರು ಎದ್ದರು. "ನಾನ್ ಅಣ್ಣನ ಮಗನ ಮುಖಕ್ಕೆ ಎಂತ ಹೇಳ್ಲಿ? ಪೂಜೆಯೂ ಬಿಡೂದಿಲ್ಲ, ಬೆಂಗ್ಳೂರಿಗೂ ಹೋಪ್ದಿಲ್ಲ. ಆಯ್ತ್, ಇದ್ ಇಲ್ಲಿಗೆ ಬಿಡುವ."

ಹೋದರು. ಅಮ್ಮ ಅತ್ತಳು. ಬೈಂದೂರಿನ ಲೈನು ದಿನಕ್ಕೆ ಒಂದು ಸಲ, ಅದೂ ಮಧ್ಯಾಹ್ನದ ಹೊತ್ತಿಗೇ ಬೀಳುತ್ತದೆ. ಮಧ್ಯಾಹ್ನವೇ ಯಾಕೆ? ಬಿಸಿಲಿಗೆ ಪೆಟ್ಟಿಗೆ ಕಾಯುತ್ತದೆಯೋ, ಊಟಕ್ಕೆ ಏಳುವಾಗ ಯಾರಾದರೂ ಸ್ವಿಚ್ ಆರಿಸುತ್ತಾರೋ. ಹಬ್ಬ ಕಳೆದು ಮಂಗಳವಾರ ಹೋಗಿ ಅಲ್ಲೇ ಕೂತು ನೋಡಬೇಕು.

೨೦ ಅಕ್ಟೋಬರ್

ಊಟಕ್ಕೆ ಏಳುವಾಗ ಗುಮಾಸ್ತರು ಫ್ಯಾನಿನ ಜೊತೆ ಪಕ್ಕದಲ್ಲಿದ್ದ ರೌಟರಿನ ಸ್ವಿಚ್ಚನ್ನೂ ಆರಿಸುತ್ತಿದ್ದರು.

೭ ನವೆಂಬರ್, ಶನಿವಾರ

ಅನೂಪ್ ಮತ್ತೆ ಪರೀಕ್ಷೆ ಬರೆದ. ಡಂಪ್ಸ್ ಮುಟ್ಟಲಿಲ್ಲ. ನಾನು ಜೊತೆಗೆ ಮಂಗಳೂರಿಗೆ ಹೋಗಿ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ನನ್ನ ಪರೀಕ್ಷೆಯ ದಿನವೂ ಇಷ್ಟು ಸಲ ಗಡಿಯಾರ ನೋಡಿರಲಿಲ್ಲ. ಸಮಯ ಪೂರ್ತಿ ತೆಗೆದುಕೊಂಡು ಬಂದ. ಮುಖ ನೋಡಿ ಫೇಲು ಎಂದುಕೊಂಡೆ.

"ಗಡಿ ಮೇಲೆ ಪಾಸ್ ಭಟ್ರೇ" ಅಂದವನೇ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತ. ನಾನು ಅವನ ಬೆನ್ನು ತಟ್ಟುತ್ತ ಕೂತೆ. ಆಮೇಲೆ ಇಬ್ಬರೂ ಐಸ್‌ಕ್ರೀಮ್ ತಿಂದೆವು.

ವನಜಕ್ಕ ಮುಂದಿನದ್ದಕ್ಕೆ ಓದಲು ಹೇಳಿದ್ದಾರೆ, ಮೇಲಿನ ಹಂತದ ರೌಟಿಂಗೋ ಸೆಕ್ಯುರಿಟಿಯೋ. ಸೊಸೈಟಿಯ ಜನರ ದುಡ್ಡು ಈ ತಂತಿಗಳಲ್ಲೇ ಓಡುವುದು. ಸೆಕ್ಯುರಿಟಿ ಎಂದೆ. "ಯಾರತ್ರ ಕೇಂಡೆ?" ಎಂದಳು ಅಮ್ಮ. ಯಾರಲ್ಲೂ ಇಲ್ಲ ಎಂದೆ.

೧೫ ನವೆಂಬರ್, ಭಾನುವಾರ

ಬ್ರಹ್ಮಾವರ ಬ್ರಾಂಚಿನ ಹಳೆ ತಂತಿ ತೆಗೆದು ಹೊಸದು ಎಳೆಯುವುದಿತ್ತು. ರಜೆಯ ದಿನವಾದ್ದರಿಂದ ಬೇಗ ಮುಗಿಯಿತು. ಅನೂಪನನ್ನು ಬಸ್ಸು ಹತ್ತಿಸಿ ಮಯ್ಯರ ಮನೆಗೆ ಹೋದೆ. ಅಂಗಿಗೆ ಅಟ್ಟದ ಧೂಳು ಹತ್ತಿತ್ತು.

ಮಯ್ಯರು ಚಾವಡಿಯಲ್ಲಿ ಪೇಪರು ಓದುತ್ತಿದ್ದರು. "ಯಾರೊಟ್ಟಿಗೆ ಬಂದದ್?"

"ಒಬ್ನೇ."

"ಯಾರ್ ಕಳ್ಸದ್?"

"ಯಾರೂ ಇಲ್ಲೆ." ನಿಂತುಕೊಂಡೇ ಹೇಳಿದೆ. ಕೆಲಸ ಇನ್ನೂ ಖಾಯಂ ಆಗಿಲ್ಲ. ಆಗುತ್ತದೆ ಎಂದು ನನಗೆ ಅನ್ನಿಸುತ್ತದೆ, ಮಾತು ಕೊಡಲಾರೆ. ಬೆಳಗಿನ ಪೂಜೆ ಬಿಡುವುದಿಲ್ಲ. ನೈವೇದ್ಯದ ಅಕ್ಕಿ ನಾನೇ ತೊಳೆಯುತ್ತೇನೆ. ಶ್ರಾವ್ಯ ಒಪ್ಪಿದರೆ ನಿಮ್ಮ ಮಗಳನ್ನು ಮದುವೆಯಾಗಬೇಕೆಂದಿದ್ದೇನೆ.

"ಆ ದಿನ ಬಿಡುವ ಅಂದೆ ಅಲ್ದಾ?"

"ಹೌದ್. ನೀವ್ ಹೇಳದ್. ನಾನ್ ಬಿಡ್ತೆ ಅಂತ ಹೇಳ್ಲಿಲ್ಲ."

ಮಯ್ಯರು ಪೇಪರು ಮಡಚಿದರು. ಅಷ್ಟರಲ್ಲಿ ಶ್ರಾವ್ಯ ಬಾಗಿಲಿಗೆ ಬಂದಳು. ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಿರಬೇಕು, ಬೆರಳಿಗೆ ಕೆಂಪು ಶಾಯಿ ಆಗಿತ್ತು.

"ಅಪ್ಪಯ್ಯ, ನಂಗ್ ಒಪ್ಗಿ ಇತ್ತ್."

"ನಿನ್ನತ್ರ ಯಾರ್ ಕೇಂಡದ್?"

"ಯಾರೂ ಕೇಣ್ಲಿಲ್ಲ. ಅದ್ಕೇ ನಾನೇ ಹೇಳದ್."

ಮಯ್ಯರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಅಂಗಿಯ ಧೂಳನ್ನೂ ನೋಡಿದರು. ಆಮೇಲೆ ಒಳಗೆ ತಿರುಗಿ ಹೆಂಡತಿಗೆ ಕೂಗಿ ಹೇಳಿದರು, "ಊಟಕ್ಕೆ ಇನ್ನೊಂದ್ ಎಲಿ ಹಾಕ್."

ಏನು ಉಂಡೆನೋ ನೆನಪಿಲ್ಲ. ಹುಳಿ ಎರಡು ಸಲ ಬಡಿಸಿದರು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಊಟಕ್ಕೆ ಬಪ್ದಿಲ್ಲ ಅಂತ ಒಂದ್ ಫೋನ್ ಮಾಡೂಕ್ ಆತಿರ್ಲಿಲ್ಯಾ? ಎಲ್ಲ್ ಉಂಡ್ಕ ಬಂದದ್?"

"ಮಾವನ ಮನೆಯಗೆ" ಎಂದೆ.

"ಯಾವ ಮಾವ?" ಎಂದಳು ಅಮ್ಮ.

ಅಪ್ಪಯ್ಯನಿಗೆ ತಿಳಿಯಿತು. ಗೋಡೆ ಹಿಡಿದುಕೊಂಡು ಜಗಲಿಗೆ ಬಂದವರು ನನ್ನ ಮುಖವನ್ನು ಒಮ್ಮೆ ನೋಡಿ, ಅಮ್ಮನ ಕಡೆ ತಿರುಗಿ, "ಗೋದಾವರಿ, ಪಾಯ್ಸಕ್ಕೆ ಬೆಲ್ಲ ಇತ್ತಾ ಕಾಣ್" ಎಂದರು.